ಬಾಗಿಲಂಚಿನ ರಬ್ಬರಿನೊಳಗೆ ಬೆಳ್ಳಿಯೇಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಮಾನದ ತಪಾಸಣೆಯ ವೇಳೆ, ಬಾಗಿಲಂಚಿನ ಸಂದು ಮುಚ್ಚುವ ರಬ್ಬರ್ ಪಟ್ಟಿಯನ್ನು, ಅಂದರೆ ಸೀಲನ್ನು, ನೋಡಲು ಅದು ಎಲ್ಲಿಯೂ ಹರಿಯದಿದ್ದರೂ ಅದರ ವಿದ್ಯುತ್ ರೋಧ ಹೆಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಬದಲಿಸುವುದುಂಟು ಎಂದು ಹಿಂದಿನ ಸಂಚಿಕೆಯ ಉತ್ತರವೊಂದರಲ್ಲಿ ಬರೆದಿದ್ದೆ. ಆ ಮಾತನ್ನು ಹಿಡಿದು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಆಯ್ದು, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ರಬ್ಬರ್ ವಿದ್ಯುತ್ತನ್ನು ಹರಿಯಗೊಡದ ವಸ್ತುವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಬಾಗಿಲಿನ ಅಂಚಿನ ಸೀಲು ಗಾಳಿ, ನೀರನ್ನು ತಡೆದರೆ ಸಾಕಲ್ಲವೇ? ಅದು ವಿದ್ಯುದ್ವಾಹಕವೂ ಆಗಿರಬೇಕೆಂದು ಏಕೆ ಬಯಸುತ್ತಾರೆ? — ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಲೋಹದ ಆವರಣದೊಳಗೆ ಹೊರಗಿನ ವಿದ್ಯುತ್ ಕ್ಷೇತ್ರ ನುಗ್ಗಲಾರದು ಎಂಬುದನ್ನು ಮೈಕೆಲ್ ಫ್ಯಾರಡೆ 1836ರಲ್ಲಿಯೇ ತೋರಿಸಿಕೊಟ್ಟಿದ್ದ. ಅಲ್ಯೂಮಿನಿಯಮ್ ಹೊದಿಕೆಯ ವಿಮಾನವೂ ಅಂಥದೇ ಆವರಣ. ಹೊದಿಕೆಯ ತಗಡು ಒಂದೆರಡು ಮಿಲಿಮೀಟರ್ ದಪ್ಪವಿದ್ದರೂ ರೇಡಿಯೋ ಅಲೆಗಳಿಗೆ ಅದು ದಾಟಲಾಗದ ಗೋಡೆ. ಆದರೆ ವಿಮಾನವನ್ನು ಒಂದೇ ತಗಡಿನಿಂದ ಎರಕ ಹೊಯ್ದಿರುವುದಿಲ್ಲ. ಪ್ರಯಾಣಿಕರ ಬಾಗಿಲು, ಸರಕಿನ ಬಾಗಿಲು, ಚಕ್ರಗಳ ಕೋಣೆಯ ಬಾಗಿಲು, ಎಂಜಿನ್ನಿನ ಹೊರಕವಚ, ತಂತ್ರಜ್ಞರು ತೆರೆದು ಮುಚ್ಚುವ ಹತ್ತಾರು ಫಲಕಗಳು, ಇವೆಲ್ಲವೂ ಆ ಗೋಡೆಯಲ್ಲಿನ ಸಂದುಗಳು. ವಿಮಾನದ ರಕ್ಷಾಕವಚದ ಬಲಾಬಲವನ್ನು ನಿರ್ಧರಿಸುವುದು ತಗಡಲ್ಲ, ಈ ಸಂದುಗಳು. ಇಂದಿನ ಉತ್ತರಗಳಲ್ಲೆಲ್ಲ ಈ ಒಂದು ಮಾತನ್ನೇ ಬೇರೆ ಬೇರೆ ಕಡೆಯಿಂದ ಹೇಳಲಿದ್ದೇನೆ.

ಕೆರೆಯ ಏರಿಯಲ್ಲಿ ಬಿರುಕು ಬಿಟ್ಟಾಗ ಅದು ಎಷ್ಟು ಅಗಲವಾಗಿದೆ ಎಂದು ಮೊದಲು ನೋಡುತ್ತೇವೆ, ಏಕೆಂದರೆ ಕೂದಲೆಳೆಯಷ್ಟು ಸಪೂರವಾದ ಬಿರುಕಿನಿಂದ ಹೆಚ್ಚು ನೀರು ಹೋಗದು. ವಿದ್ಯುತ್ಕಾಂತೀಯ ಅಲೆಯ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ: ಅಲ್ಲಿ ಮುಖ್ಯವಾಗುವುದು ಸಂದಿನ ಉದ್ದ. ಅಲೆ ಬಂದು ತಗಡಿಗೆ ತಾಗಿದಾಗ ತಗಡಿನ ಮೇಲ್ಮೈಯಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ಅಡೆತಡೆಯಿಲ್ಲದೆ ಹರಿದಷ್ಟು ಕಾಲ ಅಲೆ ಹೊರಗೇ ಪ್ರತಿಫಲಿಸಿ ಹೋಗುತ್ತದೆ. ದಾರಿಯಲ್ಲಿ ಸಂದೊಂದು ಅಡ್ಡ ಬಂದರೆ ಪ್ರವಾಹ ಅದನ್ನು ಬಳಸಿಕೊಂಡು ಹೋಗಬೇಕಾಗುತ್ತದೆ, ಸಂದಿನ ಎರಡು ದಡಗಳ ನಡುವೆ ವೋಲ್ಟೇಜ್ ಏರ್ಪಡುತ್ತದೆ, ಮತ್ತು ಆ ಸಂದು ತಾನೇ ಒಂದು ಆಂಟೆನಾ ಆಗಿ ಒಳಗಿನ ಕಡೆಗೆ ಅಲೆಗಳನ್ನು ಸೂಸತೊಡಗುತ್ತದೆ. ಸಂದಿನ ಉದ್ದ ಅಲೆಯ ತರಂಗದೂರದ (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರದ) ಅರ್ಧದಷ್ಟಾದರೆ ಅಲ್ಲಿ ರಕ್ಷಣೆ ಇಲ್ಲವೆಂದೇ ತಿಳಿಯಬೇಕು.

ಇದಕ್ಕೆ ಅಂಕಿಗಳನ್ನು ಕೊಟ್ಟು ನೋಡೋಣ. ಫಲಕವೊಂದನ್ನು 15 ಸೆಂಟಿಮೀಟರಿಗೊಂದರಂತೆ ಸ್ಕ್ರೂ ಹಾಕಿ ಬಿಗಿದಿದ್ದಾರೆ, ಎರಡು ಸ್ಕ್ರೂಗಳ ನಡುವೆ ಲೋಹಕ್ಕೆ ಲೋಹ ಸರಿಯಾಗಿ ತಾಗುತ್ತಿಲ್ಲ ಎಂದಿಟ್ಟುಕೊಳ್ಳಿ. 100 ಮೆಗಾಹರ್ಟ್ಸ್ ಆವೃತ್ತಿಯ, ಅಂದರೆ ಎಫ್‌ಎಂ ರೇಡಿಯೋ ವ್ಯಾಪ್ತಿಯ ಅಲೆಯ ತರಂಗದೂರ 3 ಮೀಟರ್. ಅದಕ್ಕೆ ಈ ಸಂದು ಸುಮಾರು 20 ಡೆಸಿಬೆಲ್ ತಡೆ ಒಡ್ಡುತ್ತದೆ, ಎಂದರೆ ಒಳಗೆ ಹೋಗುವ ಕ್ಷೇತ್ರ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. 1 ಗಿಗಾಹರ್ಟ್ಸ್ ಅಲೆಯ ತರಂಗದೂರ 30 ಸೆಂಟಿಮೀಟರ್, ಅದರ ಅರ್ಧ ಸರಿಯಾಗಿ 15. ಅಲ್ಲಿ ಅದೇ ಸಂದು ತೆರೆದ ಕಿಟಕಿ. ಇನ್ನು ವಿಮಾನದ ಮೂತಿಯಲ್ಲಿರುವ ಹವಾಮಾನ ರೇಡಾರ್ ಬಳಸುವ 9.3 ಗಿಗಾಹರ್ಟ್ಸ್ ಸುತ್ತಿನ ಅಲೆಗಳಿಗೆ ಒಂದೂವರೆ ಸೆಂಟಿಮೀಟರ್ ಮೀರಿದ ಸಂದು ಸಾಕು. ಅಷ್ಟು ಹತ್ತಿರ ಹತ್ತಿರ ಸ್ಕ್ರೂ ಹಾಕಿದರೆ ತೂಕವೂ ಹೆಚ್ಚುತ್ತದೆ, ಫಲಕ ತೆಗೆಯಲು ಅರ್ಧ ದಿನವೂ ಹಿಡಿಯುತ್ತದೆ. ಬಾಗಿಲಿಗಂತೂ ಸ್ಕ್ರೂ ಹಾಕುವಂತೆಯೇ ಇಲ್ಲ. ಆದ್ದರಿಂದ ಸಂದಿನ ಉದ್ದಕ್ಕೂ ಎರಡೂ ದಡಗಳನ್ನು ಎಡೆಬಿಡದೆ ವಿದ್ಯುತ್ತಿನಿಂದ ಬೆಸೆಯುವ, ಆದರೂ ಒತ್ತಿದರೆ ತಗ್ಗುವ, ಬಿಟ್ಟರೆ ಪುಟಿಯುವ ವಸ್ತು ಬೇಕಾಯಿತು. ಲೋಹದ ಕಣ ತುಂಬಿದ ರಬ್ಬರ್ ಆ ಅಗತ್ಯದಿಂದ ಬಂದದ್ದು. ಗಾಳಿ, ನೀರನ್ನು ತಡೆಯುವ ಹಳೆಯ ಕೆಲಸವನ್ನೂ ಅದು ಬಿಟ್ಟಿಲ್ಲ.

ಪ್ರಶ್ನೆ: ನಮ್ಮ ಮನೆಯ ಮೈಕ್ರೋವೇವ್ ಒಲೆಯ ಬಾಗಿಲಿಗೆ ಇಂಥ ರಬ್ಬರ್ ಇಲ್ಲ, ಆದರೂ ಅಲೆಗಳು ಹೊರಗೆ ಬರುವುದಿಲ್ಲವಲ್ಲ? — ಓದುಗರೊಬ್ಬರು, ಮೈಸೂರು

ಉತ್ತರ: ಒಲೆಯಲ್ಲಿರುವುದು 2.45 ಗಿಗಾಹರ್ಟ್ಸ್ ಸುತ್ತಿನ ಒಂದೇ ಆವೃತ್ತಿ, ಅದರ ತರಂಗದೂರ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಅಂಚಿನೊಳಗೆ ಅದರ ಕಾಲು ಭಾಗಕ್ಕೆ ಹೊಂದುವ ಆಳದ ಕಾಲುವೆಯನ್ನು ಮಡಿಸಿಟ್ಟರೆ, ಲೋಹಕ್ಕೆ ಲೋಹ ತಾಗದಿದ್ದರೂ ಆ ಆವೃತ್ತಿಯ ಅಲೆ ಅಲ್ಲಿಂದಲೇ ಹಿಂದಿರುಗುತ್ತದೆ. ಒಂದೇ ಶತ್ರುವಿರುವಾಗ ಆ ಉಪಾಯ ಸೊಗಸಾದದ್ದು. ವಿಮಾನವಾದರೋ 10 ಕಿಲೋಹರ್ಟ್ಸ್‌ನಿಂದ 40 ಗಿಗಾಹರ್ಟ್ಸ್‌ವರೆಗಿನ ಕ್ಷೇತ್ರಗಳನ್ನು ತಾಳಬೇಕು, ಅಷ್ಟು ವಿಸ್ತಾರಕ್ಕೆ ಒಂದು ಅಳತೆಯ ಕಾಲುವೆ ಹೊಂದುವುದಿಲ್ಲ.

ಪ್ರಶ್ನೆ: ರಬ್ಬರಿಗೆ ಲೋಹದ ಪುಡಿ ಬೆರೆಸಿದರೆ ಅದು ವಾಹಕವಾಗುವುದು ಹೇಗೆ? ‘ಬಲಪಡಿಸಿದ’ ಸೀಲು ಎಂದರೇನು, ಅದರೊಳಗೆ ಬಟ್ಟೆ ಇರುತ್ತದೆ ಎಂಬುದು ನಿಜವೇ? — ಪಾಲಿಟೆಕ್ನಿಕ್ ಉಪನ್ಯಾಸಕರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಯೇ ಈ ವಿಷಯದ ತಿರುಳು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಸಿಲಿಕೋನ್ ರಬ್ಬರಿಗೆ ಲೋಹದ ಕಣಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋದರೆ ಮೊದಮೊದಲು ಏನೂ ಆಗುವುದಿಲ್ಲ. ಪ್ರತಿಯೊಂದು ಕಣದ ಸುತ್ತಲೂ ರಬ್ಬರ್ ಇರುವುದರಿಂದ ವಿದ್ಯುತ್ತಿಗೆ ದಾರಿಯಿಲ್ಲ. ಒಂದು ಹಂತದಲ್ಲಿ ಕಣಗಳು ಒಂದಕ್ಕೊಂದು ತಾಗಿ ಈ ತುದಿಯಿಂದ ಆ ತುದಿಯವರೆಗೆ ಸರಪಣಿಗಳು ಏರ್ಪಡುತ್ತವೆ, ಆಗ ರೋಧ ಮೆಲ್ಲಗೆ ಇಳಿಯುವುದಿಲ್ಲ, ಒಮ್ಮೆಗೇ ಹಲವು ಕೋಟಿ ಪಟ್ಟು ಕುಸಿಯುತ್ತದೆ. ಭರವಸೆಯಿಂದ ಬಳಸಲು ಆ ಹಂತವನ್ನು ಸಾಕಷ್ಟು ದಾಟಿಯೇ ಕಣಗಳನ್ನು ತುಂಬುತ್ತಾರೆ. ಬೆಳ್ಳಿ ಲೇಪಿಸಿದ ತಾಮ್ರದ ಕಣ ತುಂಬಿದ ಸಿಲಿಕೋನಿನ ಸಾಂದ್ರತೆ ನೀರಿನ ಸುಮಾರು ಮೂರೂವರೆ ಪಟ್ಟು, ಎಂದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನದು ಲೋಹವೇ. ಹೆಸರಿಗೆ ಮಾತ್ರ ರಬ್ಬರ್ ಎನ್ನುವಷ್ಟು ಲೋಹ ಅದರಲ್ಲಿದೆ.

ಬೆಳ್ಳಿಯೇ ಏಕೆ ಎಂದರೆ, ವಿದ್ಯುತ್ತನ್ನು ಅತ್ಯಂತ ಚೆನ್ನಾಗಿ ಹರಿಯಗೊಡುವ ಲೋಹ ಅದು ಎಂಬುದು ಒಂದು ಕಾರಣ, ಗಾಳಿಗೆ ಸಿಕ್ಕಿದ ಮೇಲೂ ಅದರ ಮೇಲ್ಮೈ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಹಾಗೆ ವಿದ್ಯುತ್ತಿಗೆ ತಡೆಯಾಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಇಡೀ ಕಣವನ್ನು ಬೆಳ್ಳಿಯಲ್ಲಿ ಮಾಡಬೇಕಾಗಿಲ್ಲ. ಒಳಗೆ ತಾಮ್ರ, ಅಲ್ಯೂಮಿನಿಯಮ್ ಅಥವಾ ಗಾಜು ಇದ್ದು ಮೇಲೆ ಬೆಳ್ಳಿಯ ತೆಳು ಪದರವಿದ್ದರೆ ಸಾಕು. ನಿಕ್ಕಲ್ ಲೇಪಿಸಿದ ಗ್ರಾಫೈಟ್ ಇದಕ್ಕಿಂತ ಅಗ್ಗದ ದಾರಿ. ಎಂಐಎಲ್-ಡಿಟಿಎಲ್-83528 ಎಂಬ ಅಮೆರಿಕದ ಸೇನಾ ಮಾನದಂಡದ ಪ್ರಕಾರ ಬೆಳ್ಳಿ-ತಾಮ್ರದ ಸಿಲಿಕೋನಿನ ರೋಧಕತೆ 0.004 ಓಮ್-ಸೆಂಟಿಮೀಟರ್ ಮೀರಬಾರದು, ಬೆಳ್ಳಿ-ಅಲ್ಯೂಮಿನಿಯಮ್ಮಿನದು 0.008 ಮೀರಬಾರದು. ಮೊದಲನೆಯದು ಕವಚವಾಗಿ ಹೆಚ್ಚು ಗಟ್ಟಿ, ಎರಡನೆಯದು ಹೆಚ್ಚು ಹಗುರ. ವಿಮಾನದಲ್ಲಿ ಹೆಚ್ಚಾಗಿ ಎರಡನೆಯದನ್ನೇ ಆರಿಸುವುದಕ್ಕೆ ತೂಕದ ಜೊತೆಗೆ ಇನ್ನೊಂದು ಕಾರಣವೂ ಇದೆ, ಅದನ್ನು ಕೊನೆಯ ಉತ್ತರದಲ್ಲಿ ಹೇಳುತ್ತೇನೆ.

ಇಷ್ಟು ಲೋಹ ತುಂಬಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ರಬ್ಬರಿಗೆ ಬಲ ಬರುವುದು ಅದರ ಉದ್ದನೆಯ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ. ಆ ಜಾಗವನ್ನೆಲ್ಲ ಕಣಗಳು ಆಕ್ರಮಿಸಿದರೆ ಹಿಡಿತ ಸಡಿಲವಾಗುತ್ತದೆ. ಮಾನದಂಡವು ಇಂಥ ವಸ್ತುವಿನಿಂದ ಬಯಸುವ ಕನಿಷ್ಠ ಎಳೆತದ ಬಲ ಸುಮಾರು 1.4 ಮೆಗಾಪ್ಯಾಸ್ಕಲ್ ಮಾತ್ರ, ಒಳ್ಳೆಯ ಸಾಧಾರಣ ಸಿಲಿಕೋನಿನಲ್ಲಿ ಅದರ ನಾಲ್ಕೈದು ಪಟ್ಟು ಬಲ ಸಿಗುತ್ತದೆ. ಸಣ್ಣದೊಂದು ಗೀರು ಬಿದ್ದರೆ ಅಲ್ಲಿಂದಲೇ ಹರಿಯತೊಡಗುತ್ತದೆ. ಎಳೆದು ಹಿಗ್ಗಿಸಿದರೆ ಕಣಗಳು ದೂರ ಸರಿದು ರೋಧ ಏರುತ್ತದೆ. ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮುಚ್ಚಳದ ಕೆಳಗೆ ತೋಡಿದ ಕಾಲುವೆಯಲ್ಲಿ ಕುಳಿತು, ವರ್ಷಕ್ಕೊಮ್ಮೆ ತೆರೆದುಕೊಳ್ಳುವ ಸೀಲಿಗೆ ಇದು ಅಡ್ಡಿಯಲ್ಲ. ಆದರೆ ಚಕ್ರದ ಕೋಣೆಯ ಬಾಗಿಲು ಪ್ರತಿ ಹಾರಾಟದಲ್ಲೂ ತೆರೆದು ಮುಚ್ಚುತ್ತದೆ, ಗಾಳಿಯ ರಭಸಕ್ಕೆ ಅದರುತ್ತದೆ, ಸೀಲಿನ ಮೇಲೆ ಉಜ್ಜಿಕೊಂಡು ಜಾರುತ್ತದೆ. ಎಂಜಿನ್ನಿನ ಕವಚದ ಸೀಲು ಒತ್ತಡದ ವ್ಯತ್ಯಾಸವನ್ನೂ ಹೊರಬೇಕು. ಲೋಹ ತುಂಬಿದ ಬರಿಯ ರಬ್ಬರ್ ಅಲ್ಲಿ ಬಹಳ ದಿನ ಬಾಳುವುದಿಲ್ಲ.

ಅದಕ್ಕಾಗಿಯೇ ಬಟ್ಟೆ. ಹೌದು, ನೀವು ಕೇಳಿರುವುದು ನಿಜ. ಪಾಲಿಯೆಸ್ಟರ್, ಅರಮಿಡ್ (ಕೆವ್ಲಾರ್ ಜಾತಿಯ ಗಟ್ಟಿ ನಾರು) ಅಥವಾ ಗಾಜಿನ ನೂಲಿನ ನೇಯ್ಗೆಯನ್ನು ಒಂದೆರಡು ಪದರವಾಗಿ ಸೀಲಿನೊಳಗೆ ಸೇರಿಸಿ ಅಚ್ಚಿನಲ್ಲಿ ಬೇಯಿಸುತ್ತಾರೆ. ಆಗ ಎಳೆತವನ್ನೆಲ್ಲ ನೂಲು ಹೊರುತ್ತದೆ, ಗೀರು ಬಿದ್ದರೂ ಹರಿಯುವುದು ನೇಯ್ಗೆಯ ಬಳಿ ನಿಲ್ಲುತ್ತದೆ. ಎಂಜಿನ್ನಿನ ಬಳಿಯ ಬೆಂಕಿ ತಡೆಯುವ ಸೀಲುಗಳು ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು ಜಾಗಕ್ಕೆ ತಕ್ಕಂತೆ 5 ಅಥವಾ 15 ನಿಮಿಷ ತಾಳಬೇಕೆಂಬ ನಿಯಮವಿರುವುದರಿಂದ ಅಲ್ಲಿ ಗಾಜು ಅಥವಾ ಸೆರಾಮಿಕ್ ನೂಲು ಅನಿವಾರ್ಯ.

ಆದರೆ ಇಲ್ಲಿಯೇ ಒಂದು ತೊಡಕು ಹುಟ್ಟುತ್ತದೆ, ವಿನ್ಯಾಸಕಾರರ ನಿಜವಾದ ಪರೀಕ್ಷೆಯೂ ಇಲ್ಲಿಯೇ. ಬಲ ಕೊಡುವ ಈ ನೂಲುಗಳೆಲ್ಲ ವಿದ್ಯುತ್ತಿಗೆ ಅವಾಹಕ. ಸೀಲಿನ ಒಂದು ಮೈಯಿಂದ ಇನ್ನೊಂದು ಮೈಗೆ ಪ್ರವಾಹ ಹೋಗಬೇಕಾದ ದಾರಿಯಲ್ಲಿ ಬಟ್ಟೆಯ ಪದರವೊಂದು ಅಡ್ಡ ಕೂತರೆ, ಬಲಪಡಿಸುವ ಹೆಸರಿನಲ್ಲಿ ಕವಚವನ್ನೇ ಕತ್ತರಿಸಿದಂತಾಗುತ್ತದೆ. ಉಜ್ಜಾಟವನ್ನು ತಾಳಲೆಂದು ಬಟ್ಟೆಯನ್ನು ಹೊರಮೈಗೆ ತಂದರೆ ಇನ್ನೂ ಕಷ್ಟ, ಏಕೆಂದರೆ ಬಾಗಿಲಿನ ಲೋಹಕ್ಕೆ ತಾಗುವುದು ಆಗ ವಾಹಕ ರಬ್ಬರ್ ಅಲ್ಲ, ಬಟ್ಟೆ. ಇದಕ್ಕೆ ಹಲವು ಪರಿಹಾರಗಳಿವೆ. ನೇಯ್ಗೆಯನ್ನು ಬಿಡಿಬಿಡಿಯಾಗಿಟ್ಟು ಅದರ ಕಣ್ಣುಗಳ ಮೂಲಕ ವಾಹಕ ರಬ್ಬರ್ ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುವಂತೆ ಮಾಡುವುದು ಒಂದು. ಬಟ್ಟೆಯನ್ನು ಒಳಗಿಟ್ಟು ವಾಹಕ ರಬ್ಬರಿನ ಹೊರಪದರವನ್ನು ಸುತ್ತಲೂ ತೊಡಿಸಿ, ಪ್ರವಾಹ ಸೀಲಿನ ಹೊರಮೈಯನ್ನೇ ಬಳಸಿಕೊಂಡು ಹೋಗುವಂತೆ ಮಾಡುವುದು ಇನ್ನೊಂದು. ನನಗೆ ಎಲ್ಲಕ್ಕಿಂತ ಸಮಂಜಸವೆಂದು ತೋರುವುದು ಮೂರನೆಯ ದಾರಿ: ನೂಲಿಗೇ ಲೋಹವನ್ನು ಲೇಪಿಸುವುದು, ಅಥವಾ ನೂಲಿನ ಬದಲು ಮೋನೆಲ್‌ನಂಥ (ನಿಕ್ಕಲ್-ತಾಮ್ರದ ಮಿಶ್ರಲೋಹ) ಲೋಹದ ತಂತಿಯ ಜಾಲರಿಯನ್ನೇ ಇಡುವುದು. ಆಗ ಬಲ ಕೊಡುವ ಅಂಗವೇ ಪ್ರವಾಹದ ಹೆದ್ದಾರಿಯೂ ಆಗುತ್ತದೆ. ಹೊರಮೈಯ ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೂ ಕೆಳಗಿನ ಜಾಲರಿ ಸಂಪರ್ಕವನ್ನು ಉಳಿಸಿಕೊಳ್ಳುತ್ತದೆ. ಸಿಡಿಲಿನಂಥ ಭಾರಿ ಪ್ರವಾಹ ಹಾದುಹೋಗುವಾಗ ಕಣದಿಂದ ಕಣಕ್ಕಿರುವ ಸೂಕ್ಷ್ಮ ಸಂಪರ್ಕಗಳು ಸುಟ್ಟುಹೋಗುವ ಭಯವಿರುತ್ತದೆ, ಎಡೆಬಿಡದ ತಂತಿಗೆ ಆ ಭಯ ಕಡಿಮೆ.

ರಬ್ಬರಿನ ಜಾತಿಯನ್ನೂ ಜಾಗ ನೋಡಿಯೇ ಆರಿಸಬೇಕು. ಸಿಲಿಕೋನ್ ಮೈನಸ್ 55 ಡಿಗ್ರಿ ಚಳಿಯಲ್ಲೂ ಮೃದುವಾಗಿ ಉಳಿಯುತ್ತದೆ, ಆದರೆ ವಿಮಾನದ ಇಂಧನ ತಾಗಿದರೆ ಊದಿಕೊಳ್ಳುತ್ತದೆ. ಇಂಧನ, ಎಣ್ಣೆ ಸೋಕುವ ಕಡೆ ಫ್ಲೋರೋಸಿಲಿಕೋನ್ ಬೇಕು. ಪ್ರಯಾಣಿಕ ವಿಮಾನಗಳ ಫಾಸ್ಫೇಟ್ ಎಸ್ಟರ್ ಜಾತಿಯ ಹೈಡ್ರಾಲಿಕ್ ದ್ರವ ಸೋರಬಹುದಾದ ಕಡೆ ಇಪಿಡಿಎಂ ಎಂಬ ಕೃತಕ ರಬ್ಬರ್ ಹೆಚ್ಚು ಬಾಳುತ್ತದೆ, ಆದರೆ ಅದಕ್ಕೆ ಇಂಧನ ಆಗದು. ಎಲ್ಲಕ್ಕೂ ಒಗ್ಗುವ ರಬ್ಬರ್ ಎಂಬುದಿಲ್ಲ.

ಪ್ರಶ್ನೆ: ಹೊರಗಿನ ಅಲೆಗಳಿಂದ ವಿಮಾನಗಳಿಗೆ ನಿಜವಾಗಿಯೂ ತೊಂದರೆಯಾದದ್ದಿದೆಯೇ, ಅಥವಾ ಇದು ಅತಿಯಾದ ಎಚ್ಚರಿಕೆಯೇ? — ಓದುಗರೊಬ್ಬರು, ಕುವೈತ್

ಉತ್ತರ: ತೊಂದರೆಯಾದದ್ದಿದೆ. 1990ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ವಾಯುನೌಕೆಯೊಂದು ‘ವಾಯ್ಸ್ ಆಫ್ ಅಮೆರಿಕ’ ಪ್ರಸಾರ ಕೇಂದ್ರದ ಆಂಟೆನಾದ ಪ್ರಬಲ ಕಿರಣದ ಬಳಿ ಹಾದುಹೋದಾಗ ಅದರ ಎರಡೂ ಎಂಜಿನ್‌ಗಳು ನಿಂತುಹೋದವು. ಅದೃಷ್ಟವಶಾತ್ ಅದನ್ನು ಸುರಕ್ಷಿತವಾಗಿ ಇಳಿಸಲಾಯಿತು. 1980ರ ದಶಕದಲ್ಲಿ ಅಮೆರಿಕದ ಭೂಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳ ಹಾರಾಟ ನಿಯಂತ್ರಣವು ಪ್ರಬಲ ರೇಡಿಯೋ ಪ್ರಸಾರಕಗಳ ಸಮೀಪ ಏರುಪೇರಾಗುವುದೆಂದು ತಿಳಿದುಬಂದಿತು. ಅದೇ ಮೂಲದಿಂದ ಬಂದ ನೌಕಾಪಡೆಯ ಸೀಹಾಕ್ ಹೆಲಿಕಾಪ್ಟರ್, ಹಡಗಿನ ರೇಡಾರ್‌ಗಳ ನಡುವೆಯೇ ಇಳಿದು ಏಳಬೇಕಾದದ್ದರಿಂದ, ಮೊದಲಿನಿಂದಲೂ ಹೆಚ್ಚು ಬಿಗಿಯಾದ ಕವಚದೊಂದಿಗೆ ತಯಾರಾಗಿತ್ತು. ಒಂದೇ ಒಡಲಿನ ಎರಡು ಯಂತ್ರಗಳಲ್ಲಿ ವ್ಯತ್ಯಾಸ ತಂದದ್ದು ಕವಚ ಎಂಬುದನ್ನು ಗಮನಿಸಬೇಕು.

ಸಿಡಿಲಿನ ಕಥೆ ಇದಕ್ಕಿಂತ ಹಳೆಯದು. 1963ರ ಡಿಸೆಂಬರ್ 8ರಂದು ಮೇರಿಲ್ಯಾಂಡಿನ ಎಲ್ಕ್‌ಟನ್ ಬಳಿ ಪ್ಯಾನ್ ಆಮ್ ಸಂಸ್ಥೆಯ ಬೋಯಿಂಗ್ 707 ವಿಮಾನಕ್ಕೆ ಸಿಡಿಲು ಬಡಿದು, ರೆಕ್ಕೆಯ ಇಂಧನ ತೊಟ್ಟಿಯ ಆವಿ ಹೊತ್ತಿಕೊಂಡು, ಅದರಲ್ಲಿದ್ದ 81 ಜನರೂ ಸತ್ತರು. ಅದು ಸೀಲಿನ ದೋಷವಲ್ಲ. ಆದರೆ ವಿಮಾನದ ಒಂದೊಂದು ಭಾಗವೂ ಇನ್ನೊಂದಕ್ಕೆ ವಿದ್ಯುತ್ತಿನಿಂದ ಬೆಸೆದಿರಬೇಕು, ಸಂದಿನಲ್ಲಿ ಕಿಡಿ ಹಾರಬಾರದು ಎಂಬ ವಿಚಾರ ಗಟ್ಟಿಯಾದದ್ದು ಅದರ ನಂತರ. ಪ್ರಬಲ ರೇಡಿಯೋ ಕ್ಷೇತ್ರಗಳಿಂದ ರಕ್ಷಣೆಯನ್ನು ಅಮೆರಿಕದ ವಿಮಾನಯಾನ ಆಡಳಿತ 2007ರಲ್ಲಿ ನಿಯಮವಾಗಿಯೇ ಹೊರಡಿಸಿತು.

ಪ್ರಶ್ನೆ: ತೇಜಸ್‌ನಂಥ ವಿಮಾನಗಳ ಮೈ ಲೋಹದ್ದಲ್ಲ, ಕಾರ್ಬನ್ ನಾರಿನದು ಎನ್ನುತ್ತಾರೆ. ಹಾಗಿದ್ದರೆ ಕವಚ ಎಲ್ಲಿಂದ ಬರುತ್ತದೆ? — ನಿವೃತ್ತ ನೌಕರರು, ಬೆಂಗಳೂರು

ಉತ್ತರ: 2001ರ ಜನವರಿ 4ರಂದು ನಿಮ್ಮ ಊರಿನಲ್ಲಿಯೇ ಮೊದಲು ಹಾರಿದ ತೇಜಸ್‌ನ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45ರಷ್ಟು ಕಾರ್ಬನ್ ನಾರಿನ ಸಂಯುಕ್ತ ವಸ್ತುವಿದೆ, ಬೋಯಿಂಗ್ 787ರಲ್ಲಿ ಇಂಥ ವಸ್ತು ಸುಮಾರು ಅರ್ಧದಷ್ಟಿದೆ. ಕಾರ್ಬನ್ ನಾರು ವಿದ್ಯುತ್ತನ್ನು ಹರಿಯಗೊಡುತ್ತದೆ, ಆದರೆ ಅಲ್ಯೂಮಿನಿಯಮ್ಮಿಗೆ ಹೋಲಿಸಿದರೆ ತೀರ ಕಡಿಮೆ, ಮೇಲಾಗಿ ಅದರ ಸುತ್ತ ಅವಾಹಕವಾದ ಅಂಟಿರುತ್ತದೆ. ಆದ್ದರಿಂದ ಸಂಯುಕ್ತ ಹೊದಿಕೆಯ ಮೇಲ್ಪದರದಲ್ಲಿ ಲೋಹದ ತೆಳು ಜಾಲರಿಯನ್ನು ಹುದುಗಿಸುವ ಪದ್ಧತಿಯಿದೆ. ಆ ಜಾಲರಿಯನ್ನು ಫಲಕದ ಅಂಚಿನವರೆಗೆ ತಂದು, ಅಲ್ಲಿ ಸೀಲು ಅದಕ್ಕೆ ತಾಗುವಂತೆ ಮಾಡದಿದ್ದರೆ ಸೀಲು ಎಷ್ಟೇ ಒಳ್ಳೆಯದಾಗಿದ್ದರೂ ವ್ಯರ್ಥ. ತೇಜಸ್‌ನ ಹಾರಾಟ ನಿಯಂತ್ರಣ ಸಂಪೂರ್ಣವಾಗಿ ಡಿಜಿಟಲ್ ಆಗಿದ್ದು, ಪೈಲಟ್‌ನ ಕೈಗೂ ರೆಕ್ಕೆಗೂ ನಡುವೆ ಇರುವುದು ವಿದ್ಯುತ್ ಸಂಕೇತಗಳೇ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಬೆಂಗಳೂರಿನದೇ ಇನ್ನೊಂದು ಕೊಡುಗೆಯಾದ, 2017ರಲ್ಲಿ ವಾಯುಪಡೆಗೆ ಒಪ್ಪಿಸಿದ, ದೂರದ ವಿಮಾನಗಳನ್ನು ಪತ್ತೆಹಚ್ಚುವ ‘ನೇತ್ರ’ ವಿಮಾನವು ಬೆನ್ನಿನ ಮೇಲೆ ಪ್ರಬಲ ರೇಡಾರನ್ನೇ ಹೊತ್ತು ಹಾರುತ್ತದೆ. ಅಂಥ ವಿಮಾನಕ್ಕೆ ಅತಿ ಸಮೀಪದ ಅಲೆಗಳ ಮೂಲ ತನ್ನದೇ ಬೆನ್ನಿನಲ್ಲಿರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕವಚವಿದ್ದರೂ ವಿಮಾನ ಇಳಿಯುತ್ತಿರುವಾಗ ಮೊಬೈಲಿಗೆ ಸಿಗ್ನಲ್ ಸಿಗುವುದು ಹೇಗೆ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಿಟಕಿಗಳ ಮೂಲಕ. ಮೊಬೈಲ್ ಅಲೆಗಳಿಗೆ ಅವು ಧಾರಾಳವಾದ ದ್ವಾರಗಳು. ಕವಚ ಬೇಕಾಗಿರುವುದು ನಿಯಂತ್ರಣ ಉಪಕರಣಗಳಿಗೆ ಮತ್ತು ಅವುಗಳ ತಂತಿಗಳಿಗೆ, ಪ್ರಯಾಣಿಕರ ಕೋಣೆಗಲ್ಲ. ಇದಲ್ಲದೆ, ಆಂಟೆನಾದ ಮೂಲಕವೇ ಬರುವ ತೊಂದರೆಗೆ ಸೀಲು ಏನೂ ಮಾಡಲಾರದು. 5ಜಿ ಸೇವೆ ಬಂದಾಗ 4.2ರಿಂದ 4.4 ಗಿಗಾಹರ್ಟ್ಸ್ ಬಳಸುವ ರೇಡಿಯೋ ಎತ್ತರಮಾಪಕದ ಬಗ್ಗೆ ಎದ್ದ ಆತಂಕ ಅಂಥದು. 2022ರ ನವೆಂಬರಿನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ಬೆಂಗಳೂರೂ ಸೇರಿದಂತೆ ಐದು ವಿಮಾನ ನಿಲ್ದಾಣಗಳ ಓಡುದಾರಿಯ ತುದಿಗಳಿಂದ 2.1 ಕಿಲೋಮೀಟರ್ ಒಳಗೆ 3.3ರಿಂದ 3.67 ಗಿಗಾಹರ್ಟ್ಸ್ ವ್ಯಾಪ್ತಿಯ 5ಜಿ ಕೇಂದ್ರಗಳನ್ನು ಹಾಕಬಾರದೆಂದು ಸೂಚಿಸಿದ್ದು ಅದಕ್ಕಾಗಿಯೇ.

ಪ್ರಶ್ನೆ: ನಾನು ವಿಮಾನ ನಿರ್ವಹಣೆಯ ಕಲಿಕೆಯಲ್ಲಿದ್ದೇನೆ. ಇಂಥ ಸೀಲು ಕೂರುವ ಜಾಗಕ್ಕೆ ಬಣ್ಣ ತಾಗಬಾರದು, ಗ್ರೀಸ್ ಹಚ್ಚಬಾರದು, ಸೀಲನ್ನು ಎಳೆದು ಕೂರಿಸಬಾರದು ಎಂದು ಹಿರಿಯರು ಪದೇ ಪದೇ ಹೇಳುತ್ತಾರೆ. ಇಷ್ಟು ಕಟ್ಟುನಿಟ್ಟು ಏಕೆ? — ತರಬೇತಿಯಲ್ಲಿರುವ ತಂತ್ರಜ್ಞರು, ದೇವನಹಳ್ಳಿ

ಉತ್ತರ: ನಿಮ್ಮ ಹಿರಿಯರು ಹೇಳುವುದರಲ್ಲಿ ಒಂದು ಮಾತೂ ಹೆಚ್ಚಿಲ್ಲ. ತಯಾರಕರ ಪತ್ರದಲ್ಲಿ 100 ಡೆಸಿಬೆಲ್ ಎಂದು ಬರೆದಿದ್ದರೆ ಅದರರ್ಥ ಕ್ಷೇತ್ರವನ್ನು ಲಕ್ಷದ ಒಂದು ಭಾಗಕ್ಕೆ ಇಳಿಸುತ್ತದೆ ಎಂದು. ಆದರೆ ಅದು ಪ್ರಯೋಗಾಲಯದ ಚೊಕ್ಕ ಫಲಕದ ಮೇಲೆ, ನಿಗದಿತ ಒತ್ತಡದಲ್ಲಿ ಅಳೆದ ಅಂಕಿ. ವಿಮಾನದ ಮೇಲೆ ಆ ಅಂಕಿಯನ್ನು ಉಳಿಸುವುದು ಅಥವಾ ಕಳೆಯುವುದು ನಿಮ್ಮ ಕೈ.

ಸೀಲು ಎರಡು ಲೋಹದ ಮೈಗಳನ್ನು ತಾಗಿದರಷ್ಟೇ ಪ್ರವಾಹಕ್ಕೆ ದಾರಿ. ಬಣ್ಣ ಅವಾಹಕ, ಸಾಧಾರಣ ಗ್ರೀಸ್ ಅವಾಹಕ. ಅಲ್ಯೂಮಿನಿಯಮ್ಮಿಗೆ ಮಾಡುವ ಆನೊಡೈಸಿಂಗ್ ಪದರವೂ (ಕ್ಷಯ ತಡೆಯಲು ಲೋಹದ ಮೇಲೆ ವಿದ್ಯುತ್ತಿನಿಂದ ಬೆಳೆಸುವ ಆಕ್ಸೈಡ್ ಪದರ) ಅವಾಹಕ, ಆದ್ದರಿಂದ ಸೀಲು ಕೂರುವ ಪಟ್ಟಿಗೆ ಆನೊಡೈಸ್ ಮಾಡದೆ, ವಿದ್ಯುತ್ತಿಗೆ ಎಡೆಕೊಡುವ ತೆಳುವಾದ ರಾಸಾಯನಿಕ ಲೇಪನವನ್ನು ಮಾತ್ರ ಕೊಡುತ್ತಾರೆ. ಅದನ್ನು ಉಜ್ಜಿ ತೆಗೆದರೂ ತಪ್ಪು, ಏಕೆಂದರೆ ಬರಿಯ ಅಲ್ಯೂಮಿನಿಯಮ್ ಮತ್ತು ಬೆಳ್ಳಿ ಒಂದಕ್ಕೊಂದು ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಅದೊಂದು ವಿದ್ಯುತ್ಕೋಶವೇ ಆಗಿ ಅಲ್ಯೂಮಿನಿಯಮ್ ಕ್ಷಯಿಸುತ್ತದೆ. ಅಲ್ಲಿ ಕಾಣುವ ಬಿಳಿಯ ಪುಡಿ ಅದರ ಗುರುತು. ಆ ಪುಡಿ ಅವಾಹಕವಾದ್ದರಿಂದ ಕವಚ ಒಳಗಿಂದೊಳಗೇ ದುರ್ಬಲವಾಗುತ್ತ ಹೋಗುತ್ತದೆ. ಬೆಳ್ಳಿ-ತಾಮ್ರದ ಕಣಗಳಿಗಿಂತ ಬೆಳ್ಳಿ-ಅಲ್ಯೂಮಿನಿಯಮ್ ಕಣಗಳು ಅಲ್ಯೂಮಿನಿಯಮ್ ಒಡಲಿಗೆ ಹೆಚ್ಚು ಹೊಂದುತ್ತವೆ ಎಂಬುದೇ ನಾನು ಮೇಲೆ ಬಾಕಿ ಉಳಿಸಿದ್ದ ಕಾರಣ. ಸಮುದ್ರತೀರದಲ್ಲಿ ಇಳಿದೇಳುವ ವಿಮಾನಗಳಿಗಾಗಿ ಹೊರಬದಿಗೆ ಸಾಧಾರಣ ರಬ್ಬರ್, ಒಳಬದಿಗೆ ವಾಹಕ ರಬ್ಬರ್ ಇರುವ ಜೋಡಿ ಸೀಲುಗಳಿವೆ. ಹೊರಗಿನದು ನೀರನ್ನು ತಡೆದರೆ ಒಳಗಿನದು ಒಣಗಿ ಉಳಿಯುತ್ತದೆ.

ಎಳೆದು ಕೂರಿಸಿದರೆ ಕಣಗಳ ಸರಪಣಿ ಸಡಿಲಾಗುತ್ತದೆಂದು ಆಗಲೇ ಬರೆದಿದ್ದೇನೆ. ಎಳೆದು ಕೂರಿಸಿದ ಸೀಲು ದಿನ ಕಳೆದಂತೆ ಕುಗ್ಗಿ, ಮೂಲೆಗಳಲ್ಲಿ ಅಥವಾ ಜೋಡಣೆಯ ಬಳಿ ಸಂದು ಬಿಡುತ್ತದೆ. ಎರಡು ಸೆಂಟಿಮೀಟರ್ ಸಂದು ರೇಡಾರ್ ಅಲೆಗೆ ಏನೆಂಬುದನ್ನು ಮೊದಲ ಉತ್ತರದಲ್ಲಿ ನೋಡಿದ್ದೀರಿ. ಒತ್ತುವುದರಲ್ಲೂ ಮಿತಿಯಿರಬೇಕು. ಗಟ್ಟಿ ಸೀಲನ್ನು ಅದರ ಎತ್ತರದ ಹತ್ತರಿಂದ ಇಪ್ಪತ್ತೈದು ಶೇಕಡಾದಷ್ಟು ಒತ್ತುವುದು ರೂಢಿ. ಅದಕ್ಕಿಂತ ಹೆಚ್ಚು ಬಿಗಿದರೆ ರಬ್ಬರ್ ಮತ್ತೆ ಪುಟಿದೇಳುವ ಗುಣವನ್ನು ಕಳೆದುಕೊಳ್ಳುತ್ತದೆ. ಅಂಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಟ್ಟಿಯಾಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟು ಆಮ್ಲವನ್ನು ಬಿಡುಗಡೆ ಮಾಡುವುದರಿಂದ ಲೋಹಕ್ಕೆ ಕೇಡು, ಮತ್ತು ಯಾವುದೇ ಅವಾಹಕ ಅಂಟು ಸೀಲಿನ ಅಡಿಯಲ್ಲಿ ಹರಡಿದರೆ ಸಂಪರ್ಕ ಅಲ್ಲಿಗೆ ಮುಗಿಯಿತು. ಕೈಪಿಡಿ ಹೆಸರಿಸಿದ ಅಂಟನ್ನು, ಹೇಳಿದ ಜಾಗದಲ್ಲಿ, ಹೇಳಿದಷ್ಟೇ ಬಳಸಿರಿ. ಸೀಲು ಬದಲಿಸಿದ ಮೇಲೆ ಕೈಪಿಡಿ ಕೇಳುವ ಕಡೆಗಳಲ್ಲೆಲ್ಲ ಮಿಲಿಓಮ್ ಮಾಪಕದಿಂದ ರೋಧವನ್ನು ಅಳೆದು, ಬಂದ ಅಂಕಿಯನ್ನು ಹಾಗೆಯೇ ದಾಖಲಿಸಿರಿ; ಮುಂದಿನ ತಪಾಸಣೆ ಮಾಡುವವರು ಸೀಲು ಹಳತಾಗುತ್ತಿರುವುದನ್ನು ಗುರುತಿಸುವುದು ಕಣ್ಣಿನಿಂದಲ್ಲ, ಆ ಅಂಕಿ ಏರುತ್ತಿರುವುದರಿಂದ.